ಭರವಸೆ ಕೊಡುತ್ತೇನೆ, ಖಾತ್ರಿ ಕೊಡಲಾರೆ

(ಪತ್ರ ಬರೆದವರ ಹೆಸರು ಹಾಕಿಲ್ಲ. ಉದ್ದದ ಪತ್ರ, ಸಾರ ಇಷ್ಟು. ಗೀಳು ಕಾಯಿಲೆ, ಅಂದರೆ ಒಸಿಡಿ, ಇದೆ ಎಂದು ವೈದ್ಯರು ಹೇಳಿ ಎಂಟು ತಿಂಗಳಾಗಿದೆ. ಬಾಗಿಲು ಹಾಕಿದೆಯೋ, ಗ್ಯಾಸ್ ಆರಿಸಿದೆಯೋ ಎಂದು ನೋಡಿ ನೋಡಿ ಮಲಗುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಅದಕ್ಕಿಂತ ಜಾಸ್ತಿ ಕಾಡುವುದು ಒಂದು ಯೋಚನೆ. ತಂಗಿಯ ಮಗುವನ್ನು ಎತ್ತಿಕೊಂಡರೆ ಸಾಕು, ‘ನಾನೇ ಇದಕ್ಕೆ ಏನಾದರೂ ಮಾಡಿಬಿಟ್ಟರೆ?’ ಎಂದು ಮೈ ನಡುಗುತ್ತದೆ. ಇದನ್ನು ವೈದ್ಯರಿಗೂ ಹೇಳಿಲ್ಲ. ಇದೇ ತೊಂದರೆ ಇರುವವರ ಗುಂಪಿಗೆ ಒಮ್ಮೆ ಹೋಗಿ, ಕೊನೆಯ ಕುರ್ಚಿಯಲ್ಲಿ ಕೂತು, ಬಾಯಿ ಬಿಡದೆ ಎದ್ದು ಬಂದಿದ್ದಾರೆ. ‘ಮತ್ತೆ ಹೋಗಲೇ? ನಾನು ಕೆಟ್ಟವಳಲ್ಲ, ಸರಿಹೋಗುತ್ತೇನೆ ಎಂದು ನೀವಾದರೂ ಒಂದು ಭರವಸೆಯ ಮಾತು ಬರೆಯಿರಿ’ ಎಂದು ಕೇಳಿದ್ದಾರೆ.)

ಸೋದರಿ,

ಏಳು ಸಲ ಬರೆದು ಹರಿದು ಹಾಕಿದೆ, ಇದು ಎಂಟನೆಯದು ಎಂದು ಪತ್ರದ ಅಡಿಯಲ್ಲಿ ಬರೆದಿದ್ದೀರಿ. ಬರೆಯದಿದ್ದರೂ ಗೊತ್ತಾಗುತ್ತಿತ್ತು. ನಾಲ್ಕು ಪುಟದಲ್ಲಿ ಒಂದು ಚಿತ್ತಿಲ್ಲ. ಇಷ್ಟು ಶುದ್ಧವಾದ ಪತ್ರ ನಮ್ಮ ಕಚೇರಿಗೆ ಬರುವುದೇ ಅಪರೂಪ. ಖುಷಿಪಡಬೇಕಿದ್ದ ನನಗೆ ಕರುಳು ಚುರುಕ್ ಎಂದಿತು.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮೇಜು ಒಪ್ಪವಾಗಿ ಇಡುವವರನ್ನು ಕುರಿತು ‘ಅವರಿಗೆ ಸ್ವಲ್ಪ ಒಸಿಡಿ’ ಎಂಬ ನಗೆಮಾತು ಇದೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ನೋಡಿ ಪಾಸು ಮಾಡಿದವನು ನಾನೇ. ಒಪ್ಪ ಓರಣ ಇಷ್ಟಪಡುವವರಿಗೆ ಅದರಿಂದ ನೆಮ್ಮದಿ ಸಿಗುತ್ತದೆ. ನಿಮಗೆ ಸಿಗುತ್ತಿರುವುದು ನೆಮ್ಮದಿಯಲ್ಲ, ಐದು ನಿಮಿಷದ ಬಿಡುವು. ಆಮೇಲೆ ಮತ್ತೆ ಮೊದಲಿಂದ.

ಈಗ ನೀವು ಕೇಳಿದ ಭರವಸೆಯ ವಿಷಯ. ಈ ಪದ ನಮ್ಮ ಭಾಷೆಯಲ್ಲಿ ಎರಡು ಕೆಲಸ ಮಾಡುತ್ತದೆ. ನಾಳೆ ಒಳ್ಳೆಯದಾದೀತು ಎಂಬ ನಂಬಿಕೆಯೂ ಭರವಸೆಯೇ. ‘ಏನೂ ಆಗಲ್ಲ, ನಾನು ಹೇಳ್ತೀನಲ್ಲ’ ಎಂದು ಕೊಡುವ ಮಾತೂ ಭರವಸೆಯೇ. ಈ ಎರಡನೆಯದನ್ನು ಇಲ್ಲಿ ಖಾತ್ರಿ ಅನ್ನೋಣ. ನಿಮ್ಮ ಕಾಯಿಲೆ ತಿಂದು ಬೆಳೆಯುವುದೇ ಅದನ್ನು. ನಿಮ್ಮ ಯಜಮಾನರು ರಾತ್ರಿ ಹತ್ತು ಸಲ ‘ಚಿಲಕ ಹಾಕಿದೆ, ಮಲಗು’ ಎನ್ನುತ್ತಾರೆ ಎಂದಿದ್ದೀರಿ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಮೊದಲು ಎರಡು ಸಲ ಸಾಕಾಗುತ್ತಿತ್ತು, ಈಗ ಹತ್ತು ಬೇಕು ಅಲ್ವಾ? ತುರಿಕೆ ಕೆರೆದ ಹಾಗೆ. ಕೆರೆಯುವಾಗ ಹಾಯೆನಿಸುತ್ತದೆ, ಗಾಯ ದೊಡ್ಡದಾಗುತ್ತದೆ. ಹಾಗೆಂದು ಅವರು ಇವತ್ತೇ ಬಾಯಿ ಮುಚ್ಚಿ ಕೂರಬೇಕಿಲ್ಲ. ಚಿಕಿತ್ಸಕರ ಜೊತೆ ಇಬ್ಬರೂ ಕೂತು, ಯಾವಾಗ ಎಷ್ಟು ಕಡಿಮೆ ಮಾಡುವುದು ಎಂದು ಮಾತಾಡಿಕೊಳ್ಳಿ.

ಮಗುವಿನ ಮಾತಿಗೆ ಬರುತ್ತೇನೆ. ಇದನ್ನು ಒಂದೇ ಸಲ ಹೇಳುತ್ತೇನೆ. ಇಂಥ ಯೋಚನೆ ಒಸಿಡಿಯಲ್ಲಿ ತೀರಾ ಸಾಮಾನ್ಯ. ಯಾವುದು ಪ್ರಾಣಕ್ಕಿಂತ ಹೆಚ್ಚೋ, ಕಾಯಿಲೆ ಹೋಗಿ ಕೈ ಹಾಕುವುದು ಅಲ್ಲಿಗೇ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಇಬ್ಬರು ಸಂಶೋಧಕರು ಕಾಯಿಲೆ ಇಲ್ಲದವರನ್ನೂ ಕೇಳಿ ನೋಡಿದರು. ಬೇಡದ, ಹೇಸಿಗೆಯ, ಭಯ ಹುಟ್ಟಿಸುವ ಯೋಚನೆಗಳು ಅವರಲ್ಲೂ ಹೆಚ್ಚಿನವರಿಗೆ ಬರುತ್ತಿದ್ದವು. ಬರೀ ಯೋಚನೆಯನ್ನು ಓದಿ ಇದು ರೋಗಿಯದೋ ಅಲ್ಲವೋ ಎಂದು ಹೇಳುವುದು ತಜ್ಞರಿಗೂ ಸುಲಭವಾಗಲಿಲ್ಲ. ಉಳಿದವರು ‘ಥೂ, ಏನಿದು’ ಎಂದು ಮುಂದೆ ಹೋಗುತ್ತಾರೆ. ನೀವು ನಿಂತು ಅದರ ವಿಚಾರಣೆ ನಡೆಸುತ್ತೀರಿ. ದಯವಿಟ್ಟು ಇದನ್ನು ವೈದ್ಯರಿಗೆ ಹೇಳಿ. ಬಾಯಲ್ಲಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಅವರು ಇಂಥದ್ದನ್ನು ಕೇಳುತ್ತಿರುವುದು ನಿಮ್ಮಿಂದಲೇ ಮೊದಲಲ್ಲ.

ಈ ಪುಟ ಕತ್ತರಿಸಿಟ್ಟುಕೊಂಡು ಭಯವಾದಾಗಲೆಲ್ಲ ಮೇಲಿನ ಪ್ಯಾರಾ ಓದಬೇಡಿ. ಓದಿದರೆ ಅದೂ ಇನ್ನೊಂದು ಚಿಲಕವಾಗುತ್ತದೆ.

ಗುಂಪಿಗೆ ಮತ್ತೆ ಹೋಗಿ. ಅಲ್ಲಿ ಒಬ್ಬರು ಸೋಪಿನ ಬಗ್ಗೆ ಹೇಳಿದ್ದು ಕೇಳಿ ‘ಆ ಭಯ ನನಗೂ ಅಂಟಿದರೆ’ ಎಂದು ಹೆದರಿದಿರಂತೆ. ಆ ವಾರ ನಿಮ್ಮ ತಲೆಯಲ್ಲೂ ಒಮ್ಮೆ ಸೋಪು ಸುಳಿಯಬಹುದು. ಸುಳಿಯಲಿ ಬಿಡಿ. ಅವರಿಗೆ ನಿಮ್ಮ ಚಿಲಕದ ಕಥೆ ವಿಚಿತ್ರ ಅನ್ನಿಸುತ್ತದೆ, ನಿಮಗೆ ಅವರ ಸೋಪಿನ ಕಥೆ. ಬೇರೆಯವರ ಭಯ ಎಷ್ಟು ಅರ್ಥವಿಲ್ಲದ್ದು ಎಂದು ನಮಗೆ ತಟ್ಟನೆ ಕಾಣುತ್ತದೆ, ನಮ್ಮದು ಮಾತ್ರ ನಿಜ ಅನ್ನಿಸುತ್ತದೆ. ಸುತ್ತಲೂ ಕೂತ ಹತ್ತು ಜನರಿಗೂ ಹಾಗೇ ಆಗುತ್ತಿದೆ ಎಂದು ಕಣ್ಣಾರೆ ನೋಡಿದಾಗ, ಒಳಗಿನ ಗಂಟು ಒಂಚೂರು ಸಡಿಲವಾಗುತ್ತದೆ. ಪುಸ್ತಕ ಓದಿದರೆ ಇದು ಆಗುವುದಿಲ್ಲ.

ಆದರೆ ಎಲ್ಲ ಗುಂಪೂ ಒಳ್ಳೆಯ ಗುಂಪಲ್ಲ. ‘ನನಗೆ ಹೀಗನ್ನಿಸಿತು, ಪರವಾಗಿಲ್ವಾ?’ ಎಂದು ಒಬ್ಬರು ಕೇಳುವುದು, ಉಳಿದವರು ‘ಏನೂ ಆಗಲ್ಲ’ ಅನ್ನುವುದು, ಇದೇ ನಡೆಯುತ್ತಿದ್ದರೆ ಅದು ಖಾತ್ರಿಯ ಅಂಗಡಿ. ಒಳ್ಳೆಯ ಗುಂಪಿನಲ್ಲಿ ಯಾರಾದರೂ ನಗುತ್ತಲೇ ‘ಅದಕ್ಕೆ ಉತ್ತರ ಕೊಡಲ್ಲ, ಆದರೆ ಜೊತೆಗಿರ್ತೀವಿ’ ಎನ್ನುತ್ತಾರೆ. ಕೆಲವು ಕಡೆ ಏಳುವ ಮೊದಲು ಪ್ರತಿಯೊಬ್ಬರೂ ಮುಂದಿನ ಸಲಕ್ಕೆ ಒಂದು ಸಣ್ಣ ಗುರಿ ಹೇಳುವ ರೂಢಿಯಿದೆ. ‘ಈ ವಾರ ಒಂದು ರಾತ್ರಿ ಚಿಲಕ ಒಂದೇ ಸಲ ನೋಡುತ್ತೇನೆ’ ಎಂಬಂಥದ್ದು. ಆಗದಿದ್ದರೆ ಬಂದು ಆಗಲಿಲ್ಲ ಎಂದರಾಯಿತು. ಬೈಯುವವರಿಲ್ಲ.

ಜೊತೆಗಿರುವುದು ಸುಮ್ನೆ ಸಮಾಧಾನದ ಮಾತಲ್ಲ. ಇವತ್ತು ಈ ಕಾಯಿಲೆಗೆ ಮುಖ್ಯವಾಗಿ ಕೊಡುವ ಚಿಕಿತ್ಸೆಯ ಹೆಸರು ಇ.ಆರ್.ಪಿ. ಭಯಪಡುವುದನ್ನು ಹಂತ ಹಂತವಾಗಿ ಎದುರಿಸುವುದು, ಆಮೇಲೆ ತೊಳೆಯದೆ, ನೋಡದೆ, ಕೇಳದೆ ಇರುವುದು. ಇದರ ಬೇರು 1966ರಲ್ಲಿದೆ. ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಲಂಡನ್ನಿನಲ್ಲಿ ಇಬ್ಬರು ರೋಗಿಗಳ ಮೇಲೆ ಇದನ್ನು ಪ್ರಯತ್ನಿಸಿದರು. ಅದಕ್ಕೂ ಹಿಂದೆ ಈ ಕಾಯಿಲೆಗೆ ಮದ್ದಿಲ್ಲ ಎಂದೇ ಹೆಚ್ಚಿನವರು ಕೈಚೆಲ್ಲಿದ್ದರು. ಆ ಪ್ರಯೋಗದಲ್ಲಿ ನನ್ನ ಮನಸ್ಸಿಗೆ ಹತ್ತಿದ ಸಂಗತಿ ಒಂದಿದೆ. ರೋಗಿ ಎಚ್ಚರವಾಗಿದ್ದಷ್ಟು ಹೊತ್ತೂ ದಾದಿಯರು ಪಕ್ಕದಲ್ಲೇ ಇರುತ್ತಿದ್ದರು. ಅಂದರೆ ಚಿಕಿತ್ಸೆ ಶುರುವಾದದ್ದೇ ಪಕ್ಕದಲ್ಲೊಬ್ಬರು ಇರುವುದರಿಂದ. ಮುಂದೆ 1986ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆ ಇದ್ದವರೇ ಕೂಡಿ ಒಂದು ಸಂಸ್ಥೆ ಕಟ್ಟಿದರು. ಅದೇ ಈಗಿನ ಇಂಟರ್‌ನ್ಯಾಷನಲ್ ಒಸಿಡಿ ಫೌಂಡೇಶನ್.

ಗುಂಪು ಸಿಕ್ಕಿತೆಂದು ಚಿಕಿತ್ಸೆ ಬಿಡಬೇಡಿ. ‘ಮಾತ್ರೆ ಶುರುಮಾಡಿ ಮೂರು ವಾರವಾಯಿತು, ಏನೂ ಉಪಯೋಗವಿಲ್ಲ’ ಎಂದಿದ್ದೀರಿ. ಒಸಿಡಿಗೆ ಕೊಡುವ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಮೂರು ವಾರಕ್ಕೆ ತೀರ್ಪು ಕೊಡಬೇಡಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಇನ್ನೊಂದು ಮಾತು. ಬದುಕೇ ಬೇಡ ಅನ್ನಿಸಿದ ದಿನ ಗುಂಪು ಸೇರುವ ದಿನಕ್ಕೆ ಕಾಯಬೇಡಿ. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೋಗಿ.

‘ಸರಿಹೋಗುತ್ತೇನೆಯೇ?’ ಎಂಬ ಪ್ರಶ್ನೆಗೆ ಖಾತ್ರಿಯ ಉತ್ತರ ಕೊಡಲಾರೆ, ಯಾಕೆ ಎಂದು ಈಗಾಗಲೇ ನಿಮಗೆ ಗೊತ್ತಾಗಿರಬೇಕು. ಭರವಸೆ ಮಾತ್ರ ಇದೆ. 100 ಜನರಲ್ಲಿ ಒಬ್ಬಿಬ್ಬರಿಗಾದರೂ ಬರುವ ಕಾಯಿಲೆ ಇದು. ಸರಿಯಾದ ಚಿಕಿತ್ಸೆ ಸಿಕ್ಕಿದವರಲ್ಲಿ ಬಹಳ ಜನ ಸುಧಾರಿಸುತ್ತಾರೆ. ಸುಧಾರಿಸುವುದು ಎಂದರೆ ಯೋಚನೆ ಬರುವುದೇ ನಿಲ್ಲುತ್ತದೆ ಎಂದಲ್ಲ. ಯೋಚನೆ ಬಂದಿರುತ್ತದೆ, ಮಗು ನಿಮ್ಮ ತೊಡೆಯ ಮೇಲೇ ಇರುತ್ತದೆ.

ಗುಂಪಿಗೆ ಹೋಗಿ ಬಂದ ಮೇಲೆ ಹೇಗಿತ್ತು ಎಂದು ನನಗೆ ಬರೆಯಿರಿ. ಒಂದೇ ಸಲ ಬರೆದು, ತಿರುಗಿ ಓದದೆ ಕಳಿಸಿ. ಚಿತ್ತು, ಕಾಗುಣಿತದ ತಪ್ಪು ಎಷ್ಟಿದ್ದರೂ ಇರಲಿ. ತಿದ್ದುವುದು ನನ್ನ ಕೆಲಸ, ಅದಕ್ಕೇ ಸಂಬಳ ಕೊಡುತ್ತಾರೆ.

ಸಂಪಾದಕ