ಮೈತುಂಬಾ ಚುಕ್ಕಿ, ಕೆಂಪು ಕಣ್ಣು: ಇದ್ಯಾವ ಹಕ್ಕಿ?

ಪ್ರಶ್ನೆ: ಸರ್, ನಮ್ದು ಮೈಸೂರು. ಮನೆ ಹಿಂದೆ ಗಸಗಸೆ ಹಣ್ಣಿನ ಮರ ಇದೆ, ಒಂದು ವಾರದಿಂದ ಅದಕ್ಕೆ ಒಂದು ಹಕ್ಕಿ ಬರ್ತಿದೆ. ಹೆಚ್ಚೂಕಮ್ಮಿ ಕಾಗೆಯಷ್ಟೇ ಉದ್ದ, ಕಂದು ಬಣ್ಣ, ಮೈತುಂಬಾ ಬಿಳಿ ಚುಕ್ಕಿ, ಬಾಲ ಉದ್ದ, ಕಣ್ಣು ಕೆಂಪು. ಕಂಡ್ರೆ ಸಾಕು ಕಾಗೆಗಳು ಅಟ್ಟಿಸ್ಕೊಂಡು ಬರ್ತವೆ. ನಾನು ಗಿಡುಗ ಅನ್ಕೊಂಡೆ, ಅಜ್ಜಿ ರತ್ನಪಕ್ಷಿ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಅಲ್ಲ, ನೀವು ನೋಡಿರೋದು ಹೆಣ್ಣು ಕೋಗಿಲೆ! ಕೋಗಿಲೆ ಅಂದ್ರೆ ಕಪ್ಪು ಅಂತಲೇ ನಾವೆಲ್ಲ ಚಿಕ್ಕಂದಿನಿಂದ ಕೇಳಿರೋದು, ಆದ್ರೆ ಮಿರಮಿರ ಮಿಂಚೋ ಆ ಕಪ್ಪು ಗಂಡಿಗೆ ಮಾತ್ರ, ಹೆಣ್ಣಿಗೆ ನೀವು ಹೇಳಿದ ಹಾಗೇ ಬೆನ್ನು ರೆಕ್ಕೆ ಮೇಲೆಲ್ಲ ಬಿಳಿ ಚುಕ್ಕಿ, ಹೊಟ್ಟೆ ಮತ್ತು ಬಾಲದಲ್ಲಿ ಅಡ್ಡಪಟ್ಟೆ. ಕೆಂಪು ಕಣ್ಣು ಇಬ್ಬರಿಗೂ ಇದೆ.

ಅಜ್ಜಿ ಹೇಳಿದ್ದು ಆ ಕಣ್ಣು ನೋಡಿಯೇ ಇರ್ಬೇಕು, ರತ್ನಪಕ್ಷಿಗೂ ಅಂದ್ರೆ ಕೆಂಬೂತಕ್ಕೂ ಕಣ್ಣು ಕೆಂಪೇ, ಆದ್ರೆ ಅದರ ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ, ಮತ್ತೆ ಅದು ಜಾಸ್ತಿ ನೆಲದ ಮೇಲೆ, ಪೊದೆ ಒಳಗೆ ಓಡಾಡೋ ಹಕ್ಕಿ. ಗಿಡುಗ ಹೌದೋ ಅಲ್ವೋ ಅನ್ನೋದಕ್ಕೆ ಕೊಕ್ಕು ನೋಡಿ, ಗಿಡುಗನ ಕೊಕ್ಕು ಮಾಂಸ ಹರಿಯೋಕೆ ಕೊಕ್ಕೆ ಥರ ಬಾಗಿರುತ್ತೆ, ಕಾಲು ಹಳದಿ. ಗಸಗಸೆ ಹಣ್ಣು ತಿನ್ನೋಕಂತೂ ಗಿಡುಗ ಬರಲ್ಲ.

ನಂಗೆ ಇನ್ನೂ ಗಟ್ಟಿ ಗುರುತು ಅನ್ಸಿದ್ದು ಕಾಗೆಗಳ ಸಿಟ್ಟು. ಕೋಗಿಲೆ ಗೂಡು ಕಟ್ಟಲ್ಲ, ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತೆ. ಎಷ್ಟೋ ಸಲ ಗಂಡು ಗೂಡಿನ ಹತ್ರ ಗಲಾಟೆ ಮಾಡಿ ಕಾಗೆಗಳನ್ನ ತನ್ನ ಹಿಂದೆ ಓಡಿಸ್ಕೊಂಡು ಹೋಗುತ್ತೆ, ಅಷ್ಟರಲ್ಲಿ ಹೆಣ್ಣು ಒಳಗೆ ನುಗ್ಗಿ ಮೊಟ್ಟೆ ಇಟ್ಟು ಹೊರಟುಬಿಡುತ್ತೆ. 12-14 ದಿನಕ್ಕೇ ಮರಿ ಆಗುತ್ತೆ, ಸಾಮಾನ್ಯವಾಗಿ ಕಾಗೆ ಮರಿಗಿಂತ ಮೊದ್ಲೇ, ಹಂಗಾಗಿ ತುತ್ತಿಗೂ ಅದೇ ಮುಂದೆ.

ಇನ್ನೊಂದು ವಿಷಯ, ಬೆಳಗಿನ ಜಾವ ಏರ್ತಾ ಏರ್ತಾ ಹೋಗೋ ಆ 'ಕುಹೂ' ಇದ್ಯಲ್ಲ, ಅದು ಗಂಡಿನ ಕೂಗು. ಚೆನ್ನಾಗಿ ಹಾಡೋ ಹೆಣ್ಮಕ್ಕಳನ್ನ ಗಾನಕೋಗಿಲೆ ಅಂತ ಕರೆಯೋ ನಮ್ಗೆ ಇದು ನಂಬೋಕೆ ಸ್ವಲ್ಪ ಕಷ್ಟ, ಆದ್ರೆ ನಿಮ್ಮ ಚುಕ್ಕಿ ಹಕ್ಕಿ ಕೂಗೋದು 'ಕಿಕ್-ಕಿಕ್-ಕಿಕ್' ಅಂತ, ಗಡಿಬಿಡಿಯಲ್ಲಿ ಬೈದ ಹಾಗೆ. ನಾಳೆ ಕಾಗೆಗಳು ಅಟ್ಟಿಸ್ಕೊಂಡು ಬಂದಾಗ ಕಿವಿಗೊಟ್ಟು ಕೇಳಿ, ಅಜ್ಜಿನೂ ಕರ್ಕೊಂಡು ಬನ್ನಿ.