ನಾಲ್ಕಡಿಯ ಉಪ್ಪುನೀರಿನ ಟ್ಯಾಂಕ್: ಯಾವ ಮೀನಿಗೆ ಯಾವುದು ಜೊತೆ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇದೆ. ಶುರು ಮಾಡಿ ಎರಡು ತಿಂಗಳಾಯಿತು. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿವೆ. ಸದ್ಯ ಎರಡು ಕ್ಲೌನ್ ಮೀನುಗಳಷ್ಟೇ ಇವೆ. ಮಗಳಿಗೆ ನೀಲಿ ಟ್ಯಾಂಗ್ ಬೇಕಂತೆ. ಅಂಗಡಿಯವರು ಅದರ ಜೊತೆ ಒಂದು ಪುಟ್ಟ ಲಯನ್ ಫಿಶ್, ನಾಲ್ಕೈದು ಡ್ಯಾಮ್ಸೆಲ್ ಹಾಕಿ, ಒಟ್ಟು 15 ಮೀನು ಆರಾಮಾಗಿ ಇರುತ್ತವೆ ಎನ್ನುತ್ತಾರೆ. ಇವೆಲ್ಲ ಹೊಂದಿಕೊಳ್ಳುತ್ತವೆಯೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ, ಹೊಂದಿಕೊಳ್ಳುವುದಿಲ್ಲ. ಆ ಪಟ್ಟಿಯಂತೆ ತಂದರೆ ವರ್ಷ ತುಂಬುವುದರೊಳಗೆ ಅರ್ಧಕ್ಕರ್ಧ ಮೀನು ಕಳೆದುಕೊಳ್ಳುವ ಸಂಭವವೇ ಹೆಚ್ಚು. ಎರಡೇ ಮೀನು ಹಾಕಿ ನಿಂತು ಕೇಳಿದ್ದೀರಿ, ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಿ.

ಮೊದಲು ನೀರಿನ ಲೆಕ್ಕ. ನಿಮ್ಮ ಟ್ಯಾಂಕ್‌ನ ಅಳತೆಗೆ ಸುಮಾರು 255 ಲೀಟರ್ ಬರುತ್ತದೆ. ಕಲ್ಲು, ಮರಳು ಕಳೆದರೆ ನಿಜವಾದ ನೀರು ಎರಡು ನೂರು ಲೀಟರ್‌ನ ಆಸುಪಾಸು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಮೇಲಾಗಿ ಹವಳದ ದಿಬ್ಬದ ಮೀನುಗಳಲ್ಲಿ ಹೆಚ್ಚಿನವು ತಮ್ಮ ಜಾಗಕ್ಕಾಗಿ ಕಾದಾಡುತ್ತವೆ. ಇಷ್ಟು ನೀರಿಗೆ ಏಳೆಂಟು ಸಣ್ಣ ಮೀನು ಸಾಕು.

ಅಂಗಡಿಯಲ್ಲಿ ನೀಲಿ ಟ್ಯಾಂಗ್ ಹೆಬ್ಬೆರಳಿನಷ್ಟೇ ಕಾಣುತ್ತದೆ. ಬೆಳೆದರೆ ಸುಮಾರು 30 ಸೆಂ.ಮೀ., ಅಂದರೆ ಒಂದು ಅಡಿ ಉದ್ದ. ಅದು ದಿನವಿಡೀ ಈಜುವ ಮೀನು. ನಾಲ್ಕಡಿಯಲ್ಲಿ ನಾಲ್ಕು ಸಲ ಬಾಲ ಬಡಿಯುವಷ್ಟರಲ್ಲಿ ಗಾಜು ಎದುರಾಗುತ್ತದೆ. ಇಕ್ಕಟ್ಟಿನಲ್ಲಿ ಬಳಲಿದ ಟ್ಯಾಂಗ್‌ಗೆ ಬಿಳಿಚುಕ್ಕೆ ರೋಗ ಬೇಗ ಅಂಟುತ್ತದೆ, ಅದರಿಂದ ಉಳಿದ ಮೀನುಗಳಿಗೂ ಹರಡುತ್ತದೆ. ಆರಡಿಗಿಂತ ಚಿಕ್ಕ ಟ್ಯಾಂಕ್‌ಗೆ ಇದನ್ನು ತರಲೇಬೇಡಿ.

ಲಯನ್ ಫಿಶ್ ಯಾರೊಂದಿಗೂ ಜಗಳಕ್ಕೆ ಹೋಗುವುದಿಲ್ಲ, ನಿಜ. ಆದರೆ ಬಾಯಿಗೆ ಹಿಡಿಸುವ ಮೀನನ್ನು ಒಂದೇ ಗುಟುಕಿಗೆ ಎಳೆದುಕೊಳ್ಳುತ್ತದೆ, ಆ ಬಾಯಿ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ನಿಮ್ಮ ಕ್ಲೌನ್‌ಗಳೂ ಒಂದು ದಿನ ಅದಕ್ಕೆ ಆಹಾರವೇ. ಜೊತೆಗೆ ಅದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ಮಗು ಕೈ ಹಾಕುವ ಮನೆಗೆ ಅದು ಬೇಡ.

ಇನ್ನು ಡ್ಯಾಮ್ಸೆಲ್. ಅಗ್ಗಕ್ಕೆ ಸಿಗುತ್ತವೆ, ಗಟ್ಟಿ ಜೀವ, ಹಾಗಾಗಿ ಎಲ್ಲರಿಗೂ ಇವನ್ನೇ ಕಟ್ಟಿ ಕೊಡುತ್ತಾರೆ. ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆಯ ಡಾಮಿನೋ ಡ್ಯಾಮ್ಸೆಲ್ ಬೆಳೆಯುತ್ತಾ ಇಡೀ ಟ್ಯಾಂಕ್ ತನ್ನದೇ ಎನ್ನುವಂತೆ ವರ್ತಿಸುತ್ತದೆ. ಆಮೇಲೆ ಹಿಡಿದು ತೆಗೆಯೋಣವೆಂದರೆ ಕಲ್ಲುಗಳನ್ನೆಲ್ಲ ಹೊರಗಿಡಬೇಕು.

ಹಾಗಾದರೆ ಯಾವುದನ್ನು ತರುವುದು? ಮೂರು ಸಂಗತಿ ನೋಡಿ ಆರಿಸಿ: ಪೂರ್ತಿ ಬೆಳೆದಾಗಿನ ಗಾತ್ರ, ಟ್ಯಾಂಕ್‌ನಲ್ಲಿ ಅದು ನೆಲೆಸುವ ಜಾಗ, ಸ್ವಭಾವ. ಈ ಪೈಕಿ ಜಾಗದ ವಿಚಾರ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಒಬ್ಬರ ಜಾಗ ಇನ್ನೊಬ್ಬರಿಗೆ ಬೇಡವಾದರೆ ಮುಕ್ಕಾಲು ಪಾಲು ಜಗಳ ಹುಟ್ಟುವುದಿಲ್ಲ.

ಮರಳಿನ ಮೇಲೆ ಹಳದಿ ವಾಚ್‌ಮನ್ ಗೋಬಿ ಇರಲಿ, ಜೊತೆಗೊಂದು ಪಿಸ್ತೂಲ್ ಸೀಗಡಿ. ಈ ಜೋಡಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಬಿಲ ತೋಡುತ್ತಾ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡ ಗೋಬಿ ಬಾಲ ಅಲುಗಿಸಿದರೆ ಸಾಕು, ಇಬ್ಬರೂ ಬಿಲದೊಳಗೆ. ನಿಮ್ಮ ಮಗಳು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಾಳೆ. ಒಂದು ಎಚ್ಚರಿಕೆ: ಕಲ್ಲುಗಳು ಮರಳಿನ ಮೇಲಲ್ಲ, ಟ್ಯಾಂಕ್‌ನ ತಳದ ಮೇಲೇ ಕೂತಿರಬೇಕು. ಇಲ್ಲವಾದರೆ ಇವು ತೋಡಿದ ಕಡೆ ಕಲ್ಲು ಕುಸಿಯುತ್ತದೆ.

ಕಲ್ಲಿನ ಪೊಟರೆಗಳಿಗೆ ರಾಯಲ್ ಗ್ರಾಮಾ, ಒಂದೇ ಒಂದು. ಕೆರಿಬಿಯನ್ ಸಮುದ್ರದ ಮೀನು. ಮುಂಭಾಗ ನೇರಳೆ, ಹಿಂಭಾಗ ಹಳದಿ. ಕೊಳ್ಳುವಾಗ ಕಣ್ಣಿಟ್ಟು ನೋಡಿ. ರಾಯಲ್ ಡಾಟಿಬ್ಯಾಕ್ ಎಂಬ ಮೀನಿಗೂ ಇದೇ ಬಣ್ಣ, ಆದರೆ ಅದು ಮಹಾ ಜಗಳಗಂಟ. ಗ್ರಾಮಾದಲ್ಲಿ ನೇರಳೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಹಳದಿಯೊಳಗೆ ಕರಗುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಚುಕ್ಕೆಯಿರುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣಗಳ ನಡುವೆ ಗೆರೆ ಎಳೆದಂತಿರುತ್ತದೆ.

ನಡುನೀರಿಗೆ ಬಂಗಾಯಿ ಕಾರ್ಡಿನಲ್. ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಮೀನು, ಕಾಡುನೆಲೆಯಲ್ಲಿ ಅಳಿವಿನಂಚಿನಲ್ಲಿದೆ. ಹಾಗಾಗಿ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಐದಾರು ತಂದರೆ ದೊಡ್ಡವಾದ ಮೇಲೆ ಕಚ್ಚಾಡಿ ಕೊನೆಗೆ ಎರಡೇ ಉಳಿಯುತ್ತವೆ. ಜೋಡಿಯೆಂದು ಖಚಿತವಾದರೆ ಎರಡು, ಇಲ್ಲವಾದರೆ ಒಂದೇ. ಬಂಡೆಯ ಮುಂದಿನ ಬಯಲಿಗೆ ಒಂದು ಫೈರ್‌ಫಿಶ್. ಇದು ಬಲು ಅಂಜುಬುರುಕ, ಬೆದರಿದರೆ ಟ್ಯಾಂಕ್‌ನಿಂದ ಹೊರಕ್ಕೇ ಹಾರುತ್ತದೆ. ಮೇಲೆ ಬಲೆಯ ಮುಚ್ಚಳ ಕಡ್ಡಾಯ.

ಮಗಳಿಗೆ ನೀಲಿಯೇ ಬೇಕಲ್ಲವೇ? ಯೆಲ್ಲೋಟೇಲ್ ಡ್ಯಾಮ್ಸೆಲ್ ಕೊಡಿಸಿ. ನೀಲಿ ಮೈ, ಹಳದಿ ಬಾಲ, ಬೆಳೆದರೂ ಏಳು ಸೆಂ.ಮೀ. ಆಸುಪಾಸು. ಡ್ಯಾಮ್ಸೆಲ್‌ಗಳಲ್ಲಿ ಸೌಮ್ಯವಾದವುಗಳ ಪೈಕಿ ಇದೂ ಒಂದು. ಆದರೆ ಒಂದೇ ಇರಲಿ, ಎಲ್ಲಕ್ಕಿಂತ ಕೊನೆಗೆ ಬರಲಿ.

ಈ ಕ್ರಮ ಬಹಳ ಮುಖ್ಯ. ಮೊದಲು ಫೈರ್‌ಫಿಶ್, ಬಳಿಕ ಗೋಬಿ ಮತ್ತು ಕಾರ್ಡಿನಲ್, ಆಮೇಲೆ ಗ್ರಾಮಾ, ಕೊನೆಗೆ ಡ್ಯಾಮ್ಸೆಲ್. ಒಂದರ ನಂತರ ಇನ್ನೊಂದಕ್ಕೆ ಎರಡು ವಾರವಾದರೂ ಬಿಡುವು ಕೊಡಿ. ಹೊಸ ಮೀನು ಬಿಡುವ ದಿನ ನಾಲ್ಕಾರು ಕಲ್ಲಿನ ಜಾಗ ಬದಲಿಸಿ, ದೀಪ ಆರಿಸಿ. ಹಳಬರಿಗೂ ಜಾಗ ಹೊಸದೆನಿಸಿದಾಗ ಬಂದವನ ಮೇಲೆ ಎರಗುವುದು ಕಡಿಮೆಯಾಗುತ್ತದೆ.

ಪ್ರತಿ ಮೀನನ್ನೂ ಮೊದಲು ಬೇರೆ ಸಣ್ಣ ಟ್ಯಾಂಕ್‌ನಲ್ಲಿ ನಾಲ್ಕು ವಾರ ಇರಿಸಿ. ಬಿಳಿಚುಕ್ಕೆಗೆ ಕೊಡುವ ತಾಮ್ರದ ಔಷಧ ಸೀಗಡಿಯನ್ನು ಕೊಲ್ಲುತ್ತದೆ, ದೊಡ್ಡ ಟ್ಯಾಂಕ್‌ನಲ್ಲಿ ಅದನ್ನು ಬಳಸುವಂತಿಲ್ಲ. ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಆಹಾರ ಹಾಕಿಸಿ. ತಿನ್ನದ ಮೀನನ್ನು ಎಷ್ಟೇ ಚೆಂದವಿದ್ದರೂ ತರಬೇಡಿ. ಯಾರಾದರೂ ಸಮುದ್ರಕುದುರೆಯನ್ನೋ ನಮ್ಮ ಕಡಲಿನ ಜೀವಂತ ಹವಳವನ್ನೋ ತೋರಿಸಿದರೆ ಬೇಡವೆನ್ನಿ, ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಪ್ರಶ್ನೆ: ನನ್ನ ಬಳಿ ಒಂದು ಜೊತೆ ಕ್ಲೌನ್ ಮೀನುಗಳಿವೆ. ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಚಿಕ್ಕದು ಮೈ ನಡುಗಿಸುತ್ತದೆ. ಬೇರೆ ಮಾಡಬೇಕೇ? ಮೂರನೆಯದನ್ನು ತಂದರೆ ಸರಿಹೋದೀತೇ?
– ಓದುಗರು, ಮೈಸೂರು

ಉತ್ತರ: ಆ ನಡುಕ ರೋಗವಲ್ಲ, ‘ನಿನಗೆ ಶರಣು’ ಎನ್ನುವ ರೀತಿ. ಕ್ಲೌನ್ ಮೀನುಗಳಲ್ಲಿ ಬಲವಾದದ್ದು ಹೆಣ್ಣಾಗುತ್ತದೆ, ಅದಕ್ಕೆ ತಗ್ಗಿ ನಡೆಯುವುದು ಗಂಡಾಗಿ ಉಳಿಯುತ್ತದೆ. ನೀವು ನೋಡುತ್ತಿರುವುದು ಜೋಡಿ ಕೂಡುವ ಹಂತ. ರೆಕ್ಕೆ ಹರಿದಿದ್ದರೆ, ಚಿಕ್ಕದು ತಿನ್ನದೆ ಮೇಲಿನ ಮೂಲೆಯಲ್ಲೇ ನಿಂತಿದ್ದರೆ ಮಾತ್ರ ದೊಡ್ಡದನ್ನು ಒಂದೆರಡು ವಾರ ಬೇರೆ ಇಡಿ. ಮೂರನೆಯದನ್ನು ತರಲೇಬೇಡಿ. ಜೋಡಿ ಕೂಡಿದ ಮೇಲೆ ಇಬ್ಬರೂ ಸೇರಿ ಅದನ್ನು ಸಾಯುವವರೆಗೂ ಕಚ್ಚುತ್ತಾರೆ.