ಬೆಳಿಗ್ಗೆ ನಡೆದವರು ಮಧ್ಯಾಹ್ನ ನಾಟಕ ಮಾಡುತ್ತಿಲ್ಲ

ಪ್ರಶ್ನೆ: ನಾವು ಮಂಗಳೂರಿನ ಉರ್ವ ಕಡೆಯವರು. ನನ್ನ ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು, 66 ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಗಿ 7 ವರ್ಷವಾಯಿತು. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ ಊಟವಾದ ಮೇಲೆ, ಸಂಜೆ, ರಾತ್ರಿ ಹೀಗೆ ನಾಲ್ಕು ಹೊತ್ತು ಸಿಂಡೋಪಾ ಮಾತ್ರೆ. ಮೊದಲೆಲ್ಲ ದಿನವಿಡೀ ಆರಾಮವಾಗಿದ್ದರು. ಈಗ 11 ಗಂಟೆಗೇ ಕೈ ನಡುಗಿ, ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಮೀನು ತರಲು ಹೋಗುವವರಿಗೆ ಮಧ್ಯಾಹ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. "ಬೇಕಾದಾಗ ನಡೆಯುತ್ತಾನೆ, ಬೇಡವಾದಾಗ ನಾಟಕ" ಎಂದು ಮೈದುನ ಎಲ್ಲರೆದುರು ಹೇಳಿಬಿಟ್ಟರು. ಅಂದಿನಿಂದ ಯಾರಾದರೂ ಮನೆಗೆ ಬರುತ್ತಾರೆಂದರೆ ಇವರು ಗುಟ್ಟಾಗಿ ಇನ್ನೊಂದು ಮಾತ್ರೆ ನುಂಗುತ್ತಾರೆ. ಆಮೇಲೆ ಕುತ್ತಿಗೆ, ಭುಜ ತನ್ನಷ್ಟಕ್ಕೆ ಹೊಯ್ದಾಡುತ್ತದೆ. ನನಗೆ ತಿಳಿದಾಗ, ವೈದ್ಯರಿಗೂ ಹೇಳಬಾರದೆಂದು ಮಕ್ಕಳ ಮೇಲೆ ಆಣೆ ಹಾಕಿಸಿದರು. ಮುಂದಿನ ತಿಂಗಳು ಉಡುಪಿಯಲ್ಲಿ ಅದೇ ಮೈದುನನ ಮಗಳ ಮದುವೆ. ಬರುವುದೇ ಇಲ್ಲ ಎನ್ನುತ್ತಾರೆ. ಆಣೆ ಮುರಿಯಲೇ? ಮದುವೆಗೆ ಒತ್ತಾಯ ಮಾಡಲೇ?
– ಹೆಸರು ಬೇಡ

ಉತ್ತರ: ಅಕ್ಕಾ, ಆಣೆಯ ವಿಷಯವನ್ನು ಮೊದಲು ಮುಗಿಸೋಣ. ವೈದ್ಯರಿಗೆ ಹೇಳಲೇಬೇಕು. ಅವರ ಲೆಕ್ಕದಲ್ಲಿ ನಿಮ್ಮ ಯಜಮಾನರು ನಾಲ್ಕು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಿಜದಲ್ಲಿ ಐದೋ ಆರೋ. ಹೊಯ್ದಾಟ ನೋಡಿ ಪ್ರಮಾಣ ಇಳಿಸಿದರೆ ಬಿಗಿತ ಏರುತ್ತದೆ, ಬಿಗಿತ ನೋಡಿ ಏರಿಸಿದರೆ ಹೊಯ್ದಾಟ ಏರುತ್ತದೆ. ತಪ್ಪು ಲೆಕ್ಕ ಕೊಟ್ಟರೆ ಎಂಥ ನರರೋಗ ತಜ್ಞರೂ ತಪ್ಪುದಾರಿ ಹಿಡಿಯುತ್ತಾರೆ. ಆದರೆ ಬೆನ್ನ ಹಿಂದೆ ಹೋಗಿ ಹೇಳಬೇಡಿ. ಬೆಳಿಗ್ಗೆ ಮಾತ್ರೆ ಹಿಡಿದು ಅವರು ಹಗುರವಾಗಿರುವ ಹೊತ್ತು ನೋಡಿ, "ನೀವೇ ಹೇಳಿದರೆ ಒಳ್ಳೆಯದು. ಆಗದಿದ್ದರೆ ನಿಮ್ಮ ಪಕ್ಕದಲ್ಲೇ ಕುಳಿತು ನಾನು ಹೇಳುತ್ತೇನೆ" ಎನ್ನಿ. ಮಕ್ಕಳ ಮೇಲೆ ಹಾಕಿಸಿದ ಆಣೆ ಅವಮಾನದ ಭಯದಿಂದ ಬಂದದ್ದು. ಅದನ್ನು ಮುರಿದರೆ ಮಕ್ಕಳಿಗೆ ಕೇಡಾಗುವುದಿಲ್ಲ.

ಇನ್ನೊಂದು ಎಚ್ಚರ. ಹೆದರಿಕೊಂಡು ಮಾತ್ರೆಯ ಡಬ್ಬಿಗೆ ಬೀಗ ಹಾಕಲು ಹೋಗಬೇಡಿ. ಈ ಮದ್ದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ವಿಪರೀತ ಬಿಗಿತ, ಜ್ವರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕೆಲವರಲ್ಲಿ ಮಾತ್ರೆ ಮತ್ತಷ್ಟು ಬೇಕೆನ್ನುವ ಹಂಬಲವೇ ಬೆಳೆಯುವುದುಂಟು. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದೋ, ಬರಿಯ ಸಂಕೋಚವೋ ಎಂದು ತೂಗಿ ನೋಡಬೇಕಾದವರೂ ವೈದ್ಯರೇ.

ಇನ್ನು ಆ "ನಾಟಕ"ದ ಮಾತು. ಅದನ್ನು ಓದಿ ನನಗೆ ನಿಜಕ್ಕೂ ನೋವಾಯಿತು. ಈ ಮಾತ್ರೆಯಲ್ಲಿರುವ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಮೈಯ ಚಲನೆಗೆ ಬೇಕಾದ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ರಾಸಾಯನಿಕ ಅದು. ರಕ್ತದಲ್ಲಿ ಲೆವೊಡೋಪಾದ ಆಯುಷ್ಯ ಬಹಳ ಚಿಕ್ಕದು. ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆಯ ಆರಂಭದ ವರ್ಷಗಳಲ್ಲಿ ಉಳಿದಿರುವ ನರಕೋಶಗಳು ಅದನ್ನು ಕೂಡಿಟ್ಟು ನಿಧಾನವಾಗಿ ಬಿಡುತ್ತವೆ. ತುಂಬೆ ಅಣೆಕಟ್ಟಿನ ನೀರು ಬಂದಾಗ ಟ್ಯಾಂಕ್ ತುಂಬಿಕೊಂಡ ಮನೆಗೆ ನಲ್ಲಿ ನಿಂತರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ವರ್ಷ ಕಳೆದಂತೆ ಕೋಶಗಳು ಕಡಿಮೆಯಾಗುತ್ತವೆ, ಕೂಡಿಡುವ ಜಾಗವೇ ಇಲ್ಲವಾಗುತ್ತದೆ. ಆಗ ಮಾತ್ರೆ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಮೈ ಮಾತು ಕೇಳುತ್ತದೆ. 8ಕ್ಕೆ ನುಂಗಿದ ಮಾತ್ರೆಯ ಬಲದಲ್ಲಿ ಅವರು ಮೀನು ತರುತ್ತಾರೆ, 11ಕ್ಕೆ ಆ ಬಲ ಮುಗಿಯುತ್ತದೆ. ಇಲ್ಲಿ ಮನಸ್ಸಿನ ಹಟಕ್ಕೆ ಜಾಗವೇ ಇಲ್ಲ. ಮೈದುನನನ್ನು ಒಂದು ದಿನ 11ರಿಂದ 2ರವರೆಗೆ ಅಣ್ಣನ ಹತ್ತಿರ ಕುಳ್ಳಿರಿಸಿ. ವಾದ ಮಾಡಬೇಡಿ, ಅವರೇ ನೋಡಲಿ.

ಮದ್ದು ಇಳಿಯುವ ಹೊತ್ತಿನಲ್ಲಿ ಬರಿ ಕೈಕಾಲಿಗೆ ತೊಂದರೆಯಲ್ಲ. ಬೆವರು, ಚಡಪಡಿಕೆ, ಕಾರಣವಿಲ್ಲದ ಭಯ, ಅಳುವಷ್ಟು ಬೇಸರ ಇವೂ ಜೊತೆಗೆ ಬರುತ್ತವೆ, ಮುಂದಿನ ಮಾತ್ರೆ ಹಿಡಿದಾಗ ಹೋಗುತ್ತವೆ. "ಮದುವೆಗೆ ಬರುವುದಿಲ್ಲ" ಎಂದು ಅವರು ಯಾವ ಹೊತ್ತಿನಲ್ಲಿ ಹೇಳಿದರೆಂದು ನೆನಪು ಮಾಡಿಕೊಳ್ಳಿ. ಮಧ್ಯಾಹ್ನದ ಉತ್ತರವನ್ನು ಕೊನೆಯ ಉತ್ತರವೆಂದು ತಿಳಿಯಬೇಡಿ. ಬೇಸರ ಚೆನ್ನಾಗಿರುವ ಹೊತ್ತಿನಲ್ಲೂ ಬಿಡದಿದ್ದರೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಅದನ್ನೂ ವೈದ್ಯರ ಕಿವಿಗೆ ಹಾಕಿ.

ಬಚ್ಚಲುಮನೆಯ ಹೊಸ್ತಿಲಲ್ಲಿ ಕಾಲು ಅಂಟಿಕೊಂಡಾಗ ಕೈ ಹಿಡಿದು ಎಳೆಯಬೇಡಿ, "ಬೇಗ ಬೇಗ" ಎನ್ನಬೇಡಿ. ಅವಸರ ಮಾಡಿದಷ್ಟೂ ಕಾಲು ಇನ್ನಷ್ಟು ಗಟ್ಟಿಯಾಗುತ್ತದೆ, ಬೀಳುವ ಅಪಾಯ. ನಿಲ್ಲಲಿ, ಉಸಿರು ತೆಗೆದುಕೊಳ್ಳಲಿ. ಮೈಭಾರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಕಿ, ಶಾಲೆಯ ಡ್ರಿಲ್ಲಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟ "ಎಡ, ಬಲ" ತಾವೇ ಎಣಿಸಿ ಹೆಜ್ಜೆ ಎತ್ತಲಿ. ಬಾಗಿಲ ಮುಂದೆ ನೆಲಕ್ಕೆ ಬಣ್ಣದ ಟೇಪಿನ ಎರಡು ಮೂರು ಅಡ್ಡಗೆರೆ ಹಚ್ಚಿಡಿ. ಸಪಾಟು ನೆಲದಲ್ಲಿ ನಡೆಯಲಾಗದ ಕಾಲು ಗೆರೆ ಕಂಡರೆ ಎಷ್ಟೋ ಸಲ ದಾಟಿಬಿಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಊಟವಾದ ಮೇಲೆ" ಎಂಬಲ್ಲಿ. ಮೀನು, ಮೊಟ್ಟೆ, ಬೇಳೆ, ಹಾಲಿನ ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾದ ದಾರಿಗೆ ಅಡ್ಡ ನಿಲ್ಲುತ್ತದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡ ಬೆನ್ನಿಗೇ ನುಂಗಿದ ಮಾತ್ರೆ ತಡವಾಗಿ ಹಿಡಿಯುತ್ತದೆ, ಕೆಲವೊಮ್ಮೆ ಹಿಡಿಯುವುದೇ ಇಲ್ಲ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ಹೊಟ್ಟೆ ತೊಳಸಿದರೆ ಒಂದು ಬಿಸ್ಕತ್ತಿನ ಜೊತೆ ಆದೀತು. ಮೀನು ಬಿಡಬೇಕಾಗಿಲ್ಲ. ಬಿಟ್ಟರೆ ಮೈ ಸೊರಗುತ್ತದೆ. ಅದನ್ನು ರಾತ್ರಿಯ ಊಟಕ್ಕೆ ಸರಿಸಬಹುದೇ ಎಂದು ಕೇಳಿ. ಮಲಬದ್ಧತೆ ಇದ್ದರೂ ಮಾತ್ರೆ ತಡವಾಗಿ ಹಿಡಿಯುತ್ತದೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡರ ನಡುವೆ ಒಂದೆರಡು ಗಂಟೆ ಅಂತರ ಬೇಕು. ಬಂಧುಗಳು ಯಾರಾದರೂ ನಸುಗುನ್ನಿ ಪುಡಿ ತಂದುಕೊಟ್ಟರೆ ಕಣ್ಣುಮುಚ್ಚಿ ಕೊಡಬೇಡಿ. ಅದರಲ್ಲಿರುವುದೂ ಲೆವೊಡೋಪಾ. ಕೊಟ್ಟರೆ ಗುಟ್ಟಿನ ಮಾತ್ರೆಗೆ ಇನ್ನೊಂದು ಸೇರಿದ ಹಾಗೆ.

ವೈದ್ಯರ ಕೋಣೆಯಲ್ಲಿ ಹತ್ತು ನಿಮಿಷ ಅವರು ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ಮೂರು ನಾಲ್ಕು ದಿನ ಒಂದು ನೋಟ್‌ಪುಸ್ತಕದಲ್ಲಿ ಅರ್ಧರ್ಧ ಗಂಟೆಗೆ ಬರೆಯಿರಿ: ಚೆನ್ನಾಗಿದ್ದರೇ, ಬಿಗಿದಿದ್ದರೇ, ಹೊಯ್ದಾಡುತ್ತಿದ್ದರೇ; ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ. ಗುಟ್ಟಿನ ಮಾತ್ರೆಯೂ ಅದರಲ್ಲಿರಲಿ. ಅವರು ಒಪ್ಪಿದರೆ ಎರಡೂ ಸ್ಥಿತಿಯ ಸಣ್ಣ ವಿಡಿಯೋ ಮೊಬೈಲ್‌ನಲ್ಲಿ ತೆಗೆಯಿರಿ. ಇದನ್ನು ನೋಡಿ ವೈದ್ಯರು ಮಾತ್ರೆಯನ್ನು ಚಿಕ್ಕದಾಗಿಸಿ ಹತ್ತಿರ ಹತ್ತಿರ ಕೊಡಬಹುದು, ಅಥವಾ ಅದರ ಬಲ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುವ ಎಂಟಕಪೋನ್, ರಾಸಾಜಿಲಿನ್‌ನಂಥದ್ದನ್ನು ಸೇರಿಸಬಹುದು. ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಸೇರಿಸಿದರೆ ಮಾತ್ರ ನಿಮ್ಮ ಕಣ್ಣಿರಲಿ: ಕೆಲವರಿಗೆ ಜೂಜು, ವಿಪರೀತ ಖರೀದಿಯಂಥ ಹುಚ್ಚು ಹಿಡಿಯುತ್ತದೆ. ಯೋಗ್ಯರೆನಿಸಿದವರಿಗೆ ಮಿದುಳಿನ ಶಸ್ತ್ರಚಿಕಿತ್ಸೆಯೂ ಇದೆ. ದಾರಿ ಮುಗಿದ ಹಂತ ಇದಲ್ಲ, ಅಕ್ಕಾ. ನೆಂಟರು ಬಂದಾಗ ತೆಗೆದುಕೊಳ್ಳಬಹುದಾದ ಹೆಚ್ಚುವರಿ ಪ್ರಮಾಣ ಇದೆಯೇ ಎಂದು ನಿಮ್ಮ ಯಜಮಾನರೇ ಬಾಯಿಬಿಟ್ಟು ಕೇಳಲಿ.

ಮದುವೆಗೆ ಒತ್ತಾಯ ಬೇಡ, ಏರ್ಪಾಡು ಬೇಕು. ಹುಡುಗಿಗೆ ಅವರು ದೊಡ್ಡಪ್ಪ. ಧಾರೆಯ ಮುಹೂರ್ತ ಹನ್ನೆರಡರ ಆಸುಪಾಸು ಇದ್ದರೆ ಈಗಿನ ಲೆಕ್ಕದಲ್ಲಿ ಅದು ಅವರ ಅತಿ ಕಷ್ಟದ ಹೊತ್ತು. ಆ ದಿನದ ಮಾತ್ರೆಯನ್ನು ಮುಂಚಿತವಾಗಿ ಕೊಡಬಹುದೇ ಎಂದು ಈಗಲೇ ವೈದ್ಯರಿಂದ ಬರೆಸಿಕೊಳ್ಳಿ. ಹೆದ್ದಾರಿಯಲ್ಲಿ ಉಡುಪಿಗೆ ಗಂಟೆಯ ಮೇಲಾಗುತ್ತದೆ. ಮಾತ್ರೆ, ನೀರಿನ ಬಾಟಲಿ ನಿಮ್ಮ ಕೈಚೀಲದಲ್ಲಿರಲಿ. ಸಭಾಭವನದಲ್ಲಿ ಕೈಯಿರುವ ಕುರ್ಚಿ, ಮಲಗಲು ಒಂದು ಕೋಣೆ ಕೇಳಿಟ್ಟುಕೊಳ್ಳಿ. ಮೊದಲ ಪಂಕ್ತಿಯ ನೂಕುನುಗ್ಗಲು ಬೇಡ. ಸೇಸೆ ಹಾಕಿ ಅರ್ಧ ಗಂಟೆಯಲ್ಲಿ ಹೊರಟರೂ ಸರಿ. ಇಷ್ಟೆಲ್ಲ ಹೇಳಿದ ಮೇಲೂ ಅವರು ಬೇಡವೆಂದರೆ ಹುಡುಗಿಯನ್ನು ಮದುವೆಯ ಮೊದಲೇ ಒಂದು ಬೆಳಿಗ್ಗೆ ಮನೆಗೆ ಕರೆಸಿ, ಆಶೀರ್ವಾದ ಅಲ್ಲೇ ಆಗಲಿ.

ಇಡೀ ಪತ್ರದಲ್ಲಿ ನಿಮ್ಮ ನಿದ್ದೆ, ನಿಮ್ಮ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ. ಇವತ್ತು ರಾತ್ರಿಯೇ ಮಕ್ಕಳಿಗೆ ಫೋನ್ ಮಾಡಿ, ವೈದ್ಯರ ಮುಂದಿನ ಭೇಟಿಗೆ ಒಬ್ಬರು ಬರಲೇಬೇಕೆಂದು ಹೇಳಿ. ಈ ಭಾರ ನಿಮ್ಮ ಒಬ್ಬರದೇ ಅಲ್ಲ.